ಹತ್ತು ಜನರ ಆಟದಲ್ಲಿ ಒಬ್ಬನ ತೂಕ

ಬೀದರ ಜಿಲ್ಲೆಯ ಔರಾದ, ಭಾಲ್ಕಿ ಸೀಮೆಗಳ ಕಪ್ಪು ನೆಲವನ್ನು ದೇವಣಿ ತಳಿಯ ಎತ್ತುಗಳು ತಲೆಮಾರುಗಳಿಂದ ಉತ್ತುಕೊಂಡು ಬಂದಿವೆ. ಒಂದು ಜೋಡಿ ಎತ್ತು ಒಂದು ದಿನದಲ್ಲಿ ಎಷ್ಟು ನೆಲವನ್ನು ಉಳಬಲ್ಲುದೆಂಬುದನ್ನು ರೈತನು ಅಳೆದು ಹೇಳಬಲ್ಲನು. ಆದರೆ ಆ ಕೆಲಸದಲ್ಲಿ ಎಡದ ಎತ್ತಿನ ಪಾಲೆಷ್ಟು, ಬಲದ ಎತ್ತಿನ ಪಾಲೆಷ್ಟು ಎಂದು ಕೇಳಿದರೆ ಅವನೂ ಸ್ವಲ್ಪ ಯೋಚಿಸಬೇಕಾಗುತ್ತದೆ. ನೊಗವು ಎರಡರ ಹೆಗಲ ಮೇಲೂ ಇದೆ. ನೆಲದಲ್ಲಿ ಮೂಡಿದ ಸಾಲು ಮಾತ್ರ ಒಂದೇ.

ಹಲವರು ಕೂಡಿ ಮಾಡಿದ ಕೆಲಸದಲ್ಲಿ ಒಬ್ಬೊಬ್ಬನ ಪಾಲನ್ನು ಬೇರ್ಪಡಿಸುವ ಈ ಪ್ರಶ್ನೆ ಹೊಲದಲ್ಲಿ ಮಾತ್ರ ಏಳುವುದಲ್ಲ. ಆಟದ ತಂಡವನ್ನು ಆರಿಸುವ ದಿನ ಪ್ರತಿಯೊಂದು ಶಾಲೆಯಲ್ಲಿಯೂ ಕಾಲೇಜಿನಲ್ಲಿಯೂ ಏಳುತ್ತದೆ. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು? ಬಿಟ್ಟವನಿಗೆ ಅನ್ಯಾಯವಾಗಲಿಲ್ಲವೆಂದು ತಿಳಿಯುವುದು ಹೇಗೆ? ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಇದಕ್ಕೆ ಉತ್ತರ ಹೇಳುವ ಸಲುವಾಗಿ ‘ಪ್ಲಸ್-ಮೈನಸ್’ ಎಂಬ ಲೆಕ್ಕವೊಂದು ಬಳಕೆಗೆ ಬಂದಿದೆ. ನಾವು ಅದನ್ನು ಧನ-ಋಣ ಲೆಕ್ಕವೆಂದು ಕರೆಯೋಣ. ಲೆಕ್ಕವು ಬಹು ಸರಳ. ಕೂಡುವುದೂ ಕಳೆಯುವುದೂ ತಿಳಿದ ಯಾರಾದರೂ ಅದನ್ನು ಹಾಕಬಹುದು. ಬಂದ ಉತ್ತರದ ಅರ್ಥವನ್ನು ತಿಳಿಯುವುದು ಮಾತ್ರ ಅಷ್ಟು ಸರಳವಲ್ಲ. ಅದರಲ್ಲಿ ಗಣಿತದ ಒಂದು ಹಿರಿಯ ಪಾಠವೇ ಅಡಗಿದೆ.

ಆಟವೂ ಅದರ ಅಂಕಪಟ್ಟಿಯೂ

೧೮೯೧ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯನು ಈ ಆಟವನ್ನು ರೂಪಿಸಿದನು. ಪೀಚ್ ಹಣ್ಣಿನ ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿ, ಪಕ್ಷಕ್ಕೆ ಒಂಬತ್ತು ಮಂದಿಯಂತೆ ಮೊದಲ ಆಟವನ್ನು ಆಡಿಸಲಾಯಿತು. ಇಂದು ಪಕ್ಷಕ್ಕೆ ಐವರು. ಅಂಕಣದಲ್ಲಿ ಒಟ್ಟು ಹತ್ತು ಮಂದಿ. ಅಂತರರಾಷ್ಟ್ರೀಯ ನಿಯಮದಂತೆ ಹತ್ತು ಹತ್ತು ನಿಮಿಷಗಳ ನಾಲ್ಕು ಭಾಗಗಳು, ಅಂದರೆ ೪೦ ನಿಮಿಷಗಳ ಆಟ. ಹೊರಗೆ ಕುಳಿತ ಬದಲಿ ಆಟಗಾರರು ಎಷ್ಟು ಸಲ ಬೇಕಾದರೂ ಒಳಗೆ ಬರಬಹುದು, ಹೊರಗೆ ಹೋಗಬಹುದು. ಈ ಒಂದು ನಿಯಮವೇ ನಮ್ಮ ಲೆಕ್ಕಕ್ಕೆ ಆಧಾರ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಆಟ ಮುಗಿದ ಮೇಲೆ ಅಂಕಪಟ್ಟಿಯಲ್ಲಿ ಯಾರು ಎಷ್ಟು ಅಂಕ ಗಳಿಸಿದರು, ಬುಟ್ಟಿಗೆ ತಗಲಿ ಮರಳಿದ ಚೆಂಡನ್ನು ಯಾರು ಎಷ್ಟು ಸಲ ಹಿಡಿದರು ಎಂಬ ವಿವರಗಳಿರುತ್ತವೆ. ಆದರೆ ಎದುರಾಳಿಯ ದಾರಿಗೆ ಅಡ್ಡ ನಿಂತು ಅವನು ಚೆಂಡನ್ನು ಎಸೆಯದಂತೆ ಮಾಡಿದವನ ಹೆಸರು ಅಲ್ಲಿ ಬರುವುದಿಲ್ಲ. ಸರಿಯಾದ ಜಾಗದಲ್ಲಿ ನಿಂತು ಜೊತೆಗಾರನಿಗೆ ದಾರಿ ಬಿಡಿಸಿಕೊಟ್ಟವನ ಹೆಸರೂ ಬರುವುದಿಲ್ಲ. ಆಗದೆ ಹೋದ ಹಾನಿಯನ್ನು ಪಟ್ಟಿಯಲ್ಲಿ ಬರೆಯುವವರು ಯಾರು? ಹೀಗೆ ಕಣ್ಣಿಗೆ ಕಾಣದ ಕೆಲಸವನ್ನೂ ಲೆಕ್ಕಕ್ಕೆ ತರುವ ಪ್ರಯತ್ನವೇ ಧನ-ಋಣ ಲೆಕ್ಕ.

ಇದು ಮೊದಲು ಹುಟ್ಟಿದ್ದು ಬ್ಯಾಸ್ಕೆಟ್‌ಬಾಲಿನಲ್ಲಲ್ಲ, ಮಂಜಿನ ಮೇಲೆ ಆಡುವ ಹಾಕಿಯಲ್ಲಿ. ೧೯೫೦ರ ದಶಕದಲ್ಲಿ ಕೆನಡಾದ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದವರು ಇದನ್ನು ತಮ್ಮ ಉಪಯೋಗಕ್ಕೆಂದು ಇಟ್ಟುಕೊಂಡಿದ್ದರು. ೧೯೬೭-೬೮ರಿಂದ ಅಲ್ಲಿನ ನ್ಯಾಷನಲ್ ಹಾಕಿ ಲೀಗ್ ಇದನ್ನು ಅಧಿಕೃತವಾಗಿ ದಾಖಲಿಸತೊಡಗಿತು. ಬ್ಯಾಸ್ಕೆಟ್‌ಬಾಲಿನ ಅಂಕಪಟ್ಟಿಯಲ್ಲಿ ಇದಕ್ಕೆ ಸ್ಥಾನ ದೊರೆತುದು ಬಹಳ ತಡವಾಗಿ, ಈ ಶತಮಾನದಲ್ಲಿ.

ಲೆಕ್ಕ ಹಾಕುವ ಬಗೆ

ಒಬ್ಬ ಆಟಗಾರನು ಅಂಕಣದಲ್ಲಿದ್ದಷ್ಟು ಹೊತ್ತು ಅವನ ತಂಡ ಗಳಿಸಿದ ಅಂಕಗಳಿಂದ ಎದುರು ತಂಡ ಗಳಿಸಿದ ಅಂಕಗಳನ್ನು ಕಳೆಯಬೇಕು. ಉಳಿದುದೇ ಅವನ ಧನ-ಋಣ ಸಂಖ್ಯೆ. ಚೆಂಡನ್ನು ಬುಟ್ಟಿಗೆ ಹಾಕಿದವರು ಯಾರೆಂಬುದು ಇಲ್ಲಿ ಮುಖ್ಯವಲ್ಲ.

ಔರಾದದ ಒಂದು ಕಾಲೇಜು ತಂಡವೂ ಭಾಲ್ಕಿಯ ಒಂದು ಕಾಲೇಜು ತಂಡವೂ ಆಡಿದವೆಂದು ಕಲ್ಪಿಸಿಕೊಳ್ಳೋಣ. ಔರಾದದವರು ೬೨-೫೮ರಿಂದ ಗೆದ್ದರು; ಅಂತರ +೪. ಆ ತಂಡದಲ್ಲಿ ‘ಕ’ ಎಂಬವನು ೨೮ ನಿಮಿಷ ಆಡಿ ತಾನೊಬ್ಬನೇ ೧೮ ಅಂಕ ಗಳಿಸಿದನು. ಆದರೆ ಅವನು ಒಳಗಿದ್ದ ಹೊತ್ತಿನಲ್ಲಿ ಔರಾದಕ್ಕೆ ೪೦, ಭಾಲ್ಕಿಗೆ ೪೫. ಅವನ ಸಂಖ್ಯೆ −೫. ಅವನು ಹೊರಗೆ ಕುಳಿತ ೧೨ ನಿಮಿಷಗಳಲ್ಲಿ ೨೨-೧೩, ಅಂದರೆ +೯. ಎರಡನ್ನೂ ಕೂಡಿದರೆ +೪ ಬಂದು ತಾಳೆಯಾಗುತ್ತದೆ. ‘ಖ’ ಎಂಬ ಇನ್ನೊಬ್ಬನು ೩೦ ನಿಮಿಷ ಆಡಿ ಎರಡೇ ಅಂಕ ಗಳಿಸಿದನು. ಅವನು ಒಳಗಿದ್ದಾಗ ೫೨-೪೧. ಅವನ ಸಂಖ್ಯೆ +೧೧. ಹಳೆಯ ಅಂಕಪಟ್ಟಿಯಲ್ಲಿ ಕ ವೀರನು, ಖ ಲೆಕ್ಕಕ್ಕಿಲ್ಲದವನು. ಹೊಸ ಲೆಕ್ಕದಲ್ಲಿ ಸ್ಥಾನಗಳು ಅದಲುಬದಲಾದವು.

ಈ ಲೆಕ್ಕ ಹಾಕುವ ವಿದ್ಯಾರ್ಥಿಗಳಿಗೆ ಒಂದು ಸೊಗಸಾದ ತಾಳೆಯ ಸೂತ್ರವುಂಟು. ಅಂಕಣದಲ್ಲಿ ಯಾವಾಗಲೂ ಐವರು ಇರುವುದರಿಂದ ಪ್ರತಿಯೊಂದು ಅಂಕವೂ ಐದು ಹೆಸರುಗಳಿಗೆ ಸೇರುತ್ತದೆ. ಆದುದರಿಂದ ತಂಡದ ಎಲ್ಲ ಆಟಗಾರರ ಸಂಖ್ಯೆಗಳನ್ನು ಕೂಡಿದರೆ ಗೆಲುವಿನ ಅಂತರದ ಐದರಷ್ಟು ಬರಲೇಬೇಕು. ನಮ್ಮ ಔರಾದ ತಂಡಕ್ಕೆ ಅದು +೨೦, ಭಾಲ್ಕಿಗೆ −೨೦. ೨೦೧೭ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಏಷ್ಯಾ ಮಹಿಳಾ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ನಡೆಯಿತು. ಅದರ ಎರಡನೆಯ ವಿಭಾಗದ ಅಂತಿಮ ಪಂದ್ಯದಲ್ಲಿ ಭಾರತದ ತಂಡವು ಕಜಾಖಸ್ತಾನವನ್ನು ೭೫-೭೩ರಿಂದ ಸೋಲಿಸಿ ಮೊದಲನೆಯ ವಿಭಾಗಕ್ಕೆ ಏರಿತು. ಅಂದು ಭಾರತದ ಆಟಗಾರ್ತಿಯರೆಲ್ಲರ ಧನ-ಋಣ ಸಂಖ್ಯೆಗಳ ಮೊತ್ತ +೧೦ ಆಗಿರಲೇಬೇಕೆಂದು ಆಟವನ್ನು ನೋಡದೆಯೇ ನಾವು ಹೇಳಬಹುದು. ಆದರೆ ಆ ಹತ್ತರಲ್ಲಿ ಯಾರ ಪಾಲು ನಿಜವಾಗಿ ಎಷ್ಟು?

ಸಹವಾಸದ ಫಲ

ಇಲ್ಲಿಂದ ತೊಡಕು ಆರಂಭವಾಗುತ್ತದೆ. ಖ ಎಂಬವನ +೧೧ ಅವನೊಬ್ಬನ ಸಂಪಾದನೆಯಲ್ಲ. ಅವನ ಜೊತೆಗೆ ನಾಲ್ವರಿದ್ದರು, ಎದುರಿಗೆ ಐವರಿದ್ದರು. ಸಂಖ್ಯೆಯು ಹತ್ತು ಜನರದು. ನಾವು ಅದನ್ನು ಒಬ್ಬನ ಹೆಸರಿನ ಮುಂದೆ ಬರೆದಿದ್ದೇವೆ.

ಇದರ ಪರಿಣಾಮವನ್ನು ಇನ್ನೊಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ‘ಗ’ ಮತ್ತು ‘ಘ’ ಎಂಬ ಇಬ್ಬರು ಒಂದು ವರ್ಷದಲ್ಲಿ ತಲಾ ೪೦೦ ನಿಮಿಷ ಆಡಿದರು. ಅದರಲ್ಲಿ ೩೦೦ ನಿಮಿಷ ಇಬ್ಬರೂ ಜೊತೆಯಲ್ಲಿದ್ದರು. ಆ ಅವಧಿಯಲ್ಲಿ ತಂಡದ ಅಂತರ +೬೦. ಗ ಇದ್ದು ಘ ಇಲ್ಲದ ೧೦೦ ನಿಮಿಷಗಳಲ್ಲಿ −೫. ಘ ಇದ್ದು ಗ ಇಲ್ಲದ ೧೦೦ ನಿಮಿಷಗಳಲ್ಲಿ +೨೫. ಇಬ್ಬರೂ ಇಲ್ಲದಾಗ ಎರಡು ಪಕ್ಷಗಳೂ ಸಮ. ಉಳಿದ ಆಟಗಾರರೂ ಎದುರಾಳಿಗಳೂ ಎಲ್ಲ ಸಂದರ್ಭಗಳಲ್ಲಿಯೂ ಒಂದೇ ಮಟ್ಟದವರೆಂದು ಇಟ್ಟುಕೊಳ್ಳೋಣ.

ಸಾಮಾನ್ಯ ರೀತಿಯಲ್ಲಿ ಗ ಎಂಬವನ ಸಂಖ್ಯೆ ೬೦−೫=+೫೫. ೪೦ ನಿಮಿಷಗಳ ಒಂದು ಆಟಕ್ಕೆ ಇಳಿಸಿದರೆ +೫.೫. ಯಾವ ಶಿಕ್ಷಕನಾದರೂ ಮೆಚ್ಚುವಂತಹ ಸಂಖ್ಯೆ! ಆದರೆ ಸ್ವಲ್ಪ ಬಿಡಿಸಿ ನೋಡಿರಿ. ಘ ಒಬ್ಬನೇ ಇದ್ದಾಗ ಆಟವೊಂದಕ್ಕೆ +೧೦. ಗ ಬಂದು ಸೇರಿದಾಗ ಅದು +೮ಕ್ಕೆ ಇಳಿಯುತ್ತದೆ. ಇಬ್ಬರೂ ಇಲ್ಲದಾಗ ಸೊನ್ನೆ. ಗ ಒಬ್ಬನೇ ಬಂದಾಗ −೨. ಎರಡು ದಾರಿಯಿಂದ ಹೋದರೂ ಗ ತಂಡಕ್ಕೆ ಎರಡು ಅಂಕದ ಹೊರೆಯೆಂದೇ ಕಾಣುತ್ತದೆ. ಅವನ +೫.೫ ಎಂಬುದು ಘನ ಸಹವಾಸದಿಂದ ಬಂದ ಫಲ. ಹೂವಿನ ಸಂಗಡ ನಾರೂ ದೇವರ ಮುಡಿಗೇರಿತೆಂಬಂತೆ.

ಇದಕ್ಕೆ ವಿರುದ್ಧವಾದುದೂ ನಡೆಯುತ್ತದೆ, ಮತ್ತು ಅದು ಹೆಚ್ಚು ನೋವಿನದು. ತಂಡದ ಉತ್ತಮ ಆಟಗಾರರೆಲ್ಲ ದಣಿವಾರಿಸಿಕೊಳ್ಳಲು ಹೊರಗೆ ಹೋದಾಗ ಸೋಲು ಹೆಚ್ಚಾಗದಂತೆ ತಡೆಯಲೆಂದು ಒಬ್ಬ ಗಟ್ಟಿಗನನ್ನು ಒಳಗೆ ಬಿಡುವ ವಾಡಿಕೆಯುಂಟು. ಅವನಿಲ್ಲದಿದ್ದರೆ −೧೫ ಆಗಬಹುದಾಗಿದ್ದುದು ಅವನಿಂದ −೬ಕ್ಕೆ ನಿಂತಿತು. ಆದರೆ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಬೀಳುವುದು −೬. ಕಷ್ಟದ ಕೆಲಸವನ್ನು ಹೊತ್ತವನಿಗೇ ಋಣದ ಚಿಹ್ನೆ!

ಮಳಖೇಡದ ಹಣ್ಣಿನ ಲೆಕ್ಕ

ಬೆರೆತುಹೋದುದನ್ನು ಬೇರ್ಪಡಿಸುವ ಉಪಾಯವು ನಮ್ಮ ನಾಡಿಗೆ ಹೊಸದಲ್ಲ. ಬೀದರಕ್ಕೆ ದಕ್ಷಿಣದಲ್ಲಿರುವ ಕಲಬುರಗಿ ಜಿಲ್ಲೆಯ ಮಳಖೇಡವು ಒಂದು ಕಾಲದಲ್ಲಿ ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ, ಕ್ರಿ.ಶ. ೮೫೦ರ ಸುಮಾರಿನಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ ಎಂಬ ಗ್ರಂಥವನ್ನು ಬರೆದನು. ಧನ ಮತ್ತು ಋಣ ಸಂಖ್ಯೆಗಳ ನಿಯಮಗಳು ಅದರಲ್ಲಿವೆ. ಅದರಲ್ಲಿಯೇ ಹಣ್ಣುಗಳ ಬೆಲೆಯ ಒಂದು ಸಮಸ್ಯೆಯೂ ಇದೆ. ೯ ಮಾದಲ ಹಣ್ಣು ಮತ್ತು ೭ ಬೇಲದ ಹಣ್ಣುಗಳ ಒಟ್ಟು ಬೆಲೆ ೧೦೭. ೭ ಮಾದಲ ಮತ್ತು ೯ ಬೇಲಗಳ ಒಟ್ಟು ಬೆಲೆ ೧೦೧. ಹಾಗಾದರೆ ಒಂದೊಂದರ ಬೆಲೆ ಎಷ್ಟು?

ಎರಡು ವ್ಯಾಪಾರಗಳನ್ನೂ ಕೂಡಿದರೆ ೧೬ ಮಾದಲ, ೧೬ ಬೇಲ, ಬೆಲೆ ೨೦೮. ಆದುದರಿಂದ ಒಂದು ಮಾದಲ, ಒಂದು ಬೇಲ ಸೇರಿ ೧೩. ಕಳೆದರೆ ಎರಡು ಮಾದಲಗಳು ಎರಡು ಬೇಲಗಳಿಗಿಂತ ೬ ಹೆಚ್ಚು. ಅಂದರೆ ಒಂದಕ್ಕೆ ೩ ಹೆಚ್ಚು. ಮಾದಲದ ಬೆಲೆ ೮, ಬೇಲದ ಬೆಲೆ ೫. ಹಣ್ಣುಗಳನ್ನು ಬಿಡಿಯಾಗಿ ಯಾರೂ ಮಾರದಿದ್ದರೂ ಬಿಡಿಯ ಬೆಲೆ ದೊರೆಯಿತು.

ಇದು ಸಾಧ್ಯವಾದುದು ಏಕೆ? ಎರಡನೆಯ ಸಲ ಬೆರಕೆಯ ಪ್ರಮಾಣವು ಬದಲಾದುದರಿಂದ. ಎರಡನೆಯ ವ್ಯಾಪಾರವೂ ೧೮ ಮಾದಲ, ೧೪ ಬೇಲ, ಬೆಲೆ ೨೧೪ ಎಂದಿದ್ದರೆ, ಅದು ಮೊದಲನೆಯದರ ಇಮ್ಮಡಿಯೇ ಹೊರತು ಹೊಸ ಸಂಗತಿಯೇನೂ ಅಲ್ಲ. ಅಂತಹ ನೂರು ವ್ಯಾಪಾರಗಳನ್ನು ಮಾಡಿದರೂ ಬೆಲೆ ತಿಳಿಯದು. ಈ ಮಾತೇ ನಮ್ಮ ವಿಷಯದ ತಿರುಳು.

ಎರಡು ತಟ್ಟೆಯ ತಕ್ಕಡಿ

ಈಗ ಬ್ಯಾಸ್ಕೆಟ್‌ಬಾಲಿಗೆ ಮರಳೋಣ. ಒಬ್ಬ ಆಟಗಾರನು ಬದಲಾದಾಗಲೆಲ್ಲ ಆಟವನ್ನು ತುಂಡು ಮಾಡಿದೆವೆನ್ನಿರಿ. ಪ್ರತಿ ತುಂಡಿನಲ್ಲಿಯೂ ಅದೇ ಹತ್ತು ಮಂದಿ ಇರುತ್ತಾರೆ. ತಕ್ಕಡಿಯ ಒಂದು ತಟ್ಟೆಯಲ್ಲಿ ನಮ್ಮ ಐವರು, ಇನ್ನೊಂದರಲ್ಲಿ ಎದುರು ಪಕ್ಷದ ಐವರು; ಆ ತುಂಡಿನಲ್ಲಿ ಬಂದ ಅಂಕಗಳ ಅಂತರವೇ ತಕ್ಕಡಿಯ ವಾಲುವಿಕೆ. ಆಟಗಾರರು ಬದಲಾದಂತೆ ತಟ್ಟೆಗಳ ಬೆರಕೆಯೂ ಬದಲಾಗುತ್ತದೆ. ಪ್ರತಿಯೊಂದು ತುಂಡೂ ಒಂದು ಸಮೀಕರಣ; ಪ್ರತಿಯೊಬ್ಬ ಆಟಗಾರನ ತೂಕವೂ ಒಂದು ಅವ್ಯಕ್ತ ರಾಶಿ. ಬಿಡಿಸಿದರೆ ಒಬ್ಬೊಬ್ಬನ ತೂಕ ಹೊರಬೀಳಬೇಕು.

ಹಲವು ವಸ್ತುಗಳನ್ನು ಒಟ್ಟಿಗೆ ತೂಗುವುದರಿಂದ ಲಾಭವುಂಟೆಂದು ಇಂಗ್ಲೆಂಡಿನ ಫ್ರಾಂಕ್ ಯೇಟ್ಸ್ ೧೯೩೫ರಲ್ಲಿ ತೋರಿಸಿದರು. ಅಮೆರಿಕದ ಹೆರಾಲ್ಡ್ ಹೋಟೆಲಿಂಗ್ ೧೯೪೪ರಲ್ಲಿ ಅದನ್ನು ಮುಂದುವರಿಸಿದರು. ಎರಡು ವಸ್ತುಗಳನ್ನು ಒಂದೊಂದಾಗಿ ಎರಡು ಸಲ ತೂಗುವ ಬದಲು, ಮೊದಲು ಎರಡನ್ನೂ ಒಂದೇ ತಟ್ಟೆಯಲ್ಲಿಟ್ಟು ಮೊತ್ತವನ್ನೂ, ಆಮೇಲೆ ಒಂದೊಂದು ತಟ್ಟೆಯಲ್ಲಿ ಒಂದೊಂದನ್ನಿಟ್ಟು ಅಂತರವನ್ನೂ ತೆಗೆಯಬೇಕು. ತೂಗುವ ಕೆಲಸ ಎರಡೇ ಸಲ. ಆದರೆ ತಕ್ಕಡಿಯ ತಪ್ಪುಗಳು ಕೆಲವು ಸಲ ಒಂದನ್ನೊಂದು ಹೊಡೆದುಹಾಕುವುದರಿಂದ ಸರಾಸರಿ ತಪ್ಪು ಹತ್ತರಲ್ಲಿ ಏಳು ಪಾಲಿಗೆ ಇಳಿಯುತ್ತದೆ. ಮಹಾವೀರಾಚಾರ್ಯನ ಹಣ್ಣಿನ ಲೆಕ್ಕವನ್ನು ಬಿಡಿಸುವಾಗ ನಾವು ಮೊತ್ತವನ್ನೂ ಅಂತರವನ್ನೂ ತೆಗೆದುದನ್ನು ವಾಚಕರು ಇಲ್ಲಿ ಸ್ಮರಿಸಬಹುದು.

ಅಮೆರಿಕದ ವೃತ್ತಿಪರ ಲೀಗಿನಲ್ಲಿ ೩೦ ತಂಡಗಳಿವೆ. ಒಂದೊಂದು ತಂಡಕ್ಕೆ ೮೨ ಆಟಗಳಂತೆ ಒಟ್ಟು ೧,೨೩೦ ಆಟಗಳು. ತುಂಡು ಮಾಡಿದರೆ ಹತ್ತಾರು ಸಾವಿರ ಸಮೀಕರಣಗಳು, ನಾಲ್ಕೈದು ನೂರು ಅವ್ಯಕ್ತ ರಾಶಿಗಳು. ಇವು ಹಣ್ಣಿನ ಲೆಕ್ಕದಂತೆ ನಿಖರವಾಗಿ ತಾಳೆಯಾಗುವುದಿಲ್ಲ. ಆದುದರಿಂದ ತಪ್ಪುಗಳ ವರ್ಗಗಳ ಮೊತ್ತವು ಅತ್ಯಂತ ಕಡಿಮೆಯಾಗುವಂತೆ ಉತ್ತರವನ್ನು ಹುಡುಕುತ್ತಾರೆ. ಈ ‘ಕನಿಷ್ಠ ವರ್ಗ’ ವಿಧಾನವನ್ನು ಫ್ರಾನ್ಸಿನ ಲೆಜಾಂಡರ್ ೧೮೦೫ರಲ್ಲಿ ಪ್ರಕಟಿಸಿದ್ದನು. ಧೂಮಕೇತುಗಳ ಕಕ್ಷೆಯನ್ನು ಗೊತ್ತುಮಾಡಲು ಹೊರಟ ಗಣಿತವು ಈಗ ಚೆಂಡಾಟಕ್ಕೆ ಬಂದಿದೆ. ಡ್ಯಾನ್ ರೋಸೆನ್‌ಬಾಮ್ ಎಂಬ ಅರ್ಥಶಾಸ್ತ್ರಜ್ಞರು ೨೦೦೪ರಲ್ಲಿ ಇಂತಹ ತಿದ್ದಿದ ಧನ-ಋಣ ಲೆಕ್ಕವನ್ನು ಪ್ರಕಟಿಸಿದರು. ಕಾಣದ ಕೆಲಸಕ್ಕೆ ಇದರಿಂದ ಬೆಲೆ ಬಂದುದೂ ಉಂಟು. ಷೇನ್ ಬ್ಯಾಟಿಯರ್ ಎಂಬ ಆಟಗಾರನ ಹೆಸರಿನಲ್ಲಿ ಹೇಳಿಕೊಳ್ಳುವಷ್ಟು ಅಂಕಗಳಿರಲಿಲ್ಲ. ಆದರೂ ಅವನು ಅಂಕಣದಲ್ಲಿದ್ದಾಗ ಅವನ ತಂಡವು ಮೇಲಾಗುತ್ತಿತ್ತು. ಮೈಕೇಲ್ ಲೂಯಿಸ್ ಎಂಬ ಲೇಖಕರು ೨೦೦೯ರಲ್ಲಿ ಅವನ ವಿಷಯವಾಗಿ ಬರೆದ ಲೇಖನವು ಪ್ರಸಿದ್ಧವಾಯಿತು.

ಬೇರ್ಪಡದ ಜೋಡಿ

ಎಲ್ಲ ಜೋಡಿಗಳೂ ಬೇರ್ಪಡುವುದಿಲ್ಲ. ನಮ್ಮ ಗ ಮತ್ತು ಘ ೪೦೦ ನಿಮಿಷವೂ ಜೊತೆಯಾಗಿಯೇ ಒಳಗೆ ಬಂದು ಜೊತೆಯಾಗಿಯೇ ಹೊರಗೆ ಹೋದರೆಂದು ಎಣಿಸಿರಿ. ಆಗ ಇಬ್ಬರ ಮೊತ್ತ ಆಟಕ್ಕೆ +೮ ಎಂದಷ್ಟೇ ತಿಳಿಯುತ್ತದೆ. ಅದು ೪ ಮತ್ತು ೪ ಇರಬಹುದು, ೮ ಮತ್ತು ೦ ಇರಬಹುದು, ೧೦ ಮತ್ತು −೨ ಇರಬಹುದು. ಯಾವುದನ್ನು ಹಾಕಿದರೂ ಎಲ್ಲ ಸಮೀಕರಣಗಳೂ ತೃಪ್ತಿಯಾಗುತ್ತವೆ. ಒಂದೇ ನೊಗಕ್ಕೆ ಎಂದೆಂದೂ ಕಟ್ಟಿದ ಎತ್ತುಗಳಂತೆ ಅವರು ಗಣಿತದ ಕಣ್ಣಿಗೆ ಒಬ್ಬನೇ ಆಟಗಾರ.

ಸಮೀಕರಣಗಳು ಹೀಗೆ ಮುಗ್ಗರಿಸಿದಾಗ ಏನನ್ನು ತಿಳಿಯಬಹುದು, ಏನನ್ನು ತಿಳಿಯಲಾಗದು ಎಂಬುದನ್ನು ಗೆರೆ ಎಳೆದು ತೋರಿಸುವ ಶಾಸ್ತ್ರವನ್ನು ಬೆಳೆಸಿದವರಲ್ಲಿ ಸಿ. ಆರ್. ರಾವ್ ಅವರು ಪ್ರಮುಖರು. ಅವರು ಹುಟ್ಟಿದ್ದು ನಮ್ಮ ನಾಡಿನ ಹಡಗಲಿಯಲ್ಲಿ, ೧೯೨೦ರ ಸೆಪ್ಟೆಂಬರ್ ೧೦ರಂದು. ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ದೀರ್ಘಕಾಲ ದುಡಿದ ಅವರು ೧೯೭೧ರಲ್ಲಿ ಸುಜಿತ್ ಕುಮಾರ್ ಮಿತ್ರ ಅವರೊಡನೆ ‘ಸಾಮಾನ್ಯೀಕೃತ ವಿಲೋಮ’ ಎಂಬ ಗಣಿತಸಾಧನದ ಮೇಲೆ ಗ್ರಂಥವನ್ನು ಪ್ರಕಟಿಸಿದರು. ಸಾಮಾನ್ಯ ರೀತಿಯಲ್ಲಿ ಬಿಡಿಸಲಾಗದ ಸಮೀಕರಣಗಳಿಗೂ ಆ ಸಾಧನವು ಅನ್ವಯಿಸುತ್ತದೆ. ಗ ಮತ್ತು ಘ ಇವರ ಮೊತ್ತವನ್ನು ಹೇಳಬಹುದು, ಅಂತರವನ್ನು ಹೇಳಲಾಗದು ಎಂಬ ವಿವೇಕ ಅದರಿಂದ ದೊರೆಯುತ್ತದೆ. ರಾವ್ ಅವರಿಗೆ ೨೦೨೩ರಲ್ಲಿ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಬಹುಮಾನವು ಸಂದಿತು. ಅದೇ ವರ್ಷದ ಆಗಸ್ಟಿನಲ್ಲಿ ಅವರು ತೀರಿಕೊಂಡರು.

ಈಚಿನ ಲೆಕ್ಕಗಾರರು ಇನ್ನೊಂದು ಉಪಾಯವನ್ನೂ ಬಳಸುತ್ತಾರೆ. ಹೋರ್ಲ್ ಮತ್ತು ಕೆನಾರ್ಡ್ ಎಂಬವರು ೧೯೭೦ರಲ್ಲಿ ಸೂಚಿಸಿದ ಈ ವಿಧಾನವನ್ನು ಜೋ ಸಿಲ್ ಎಂಬವರು ೨೦೧೦ರಲ್ಲಿ ಬ್ಯಾಸ್ಕೆಟ್‌ಬಾಲಿಗೆ ಅನ್ವಯಿಸಿದರು. ಇದರಲ್ಲಿ ಪ್ರತಿಯೊಬ್ಬನ ತೂಕವನ್ನೂ ಸೊನ್ನೆಯ ಕಡೆಗೆ, ಅಂದರೆ ಸರಾಸರಿ ಆಟಗಾರನ ಕಡೆಗೆ, ಸ್ವಲ್ಪ ಎಳೆಯಲಾಗುತ್ತದೆ. ಬೇರ್ಪಡದ ಗ ಮತ್ತು ಘ ಇವರಿಗೆ ಈ ವಿಧಾನವು ಸಮಪಾಲು ಹಂಚಿ, ತಲಾ ನಾಲ್ಕಕ್ಕೆ ಸ್ವಲ್ಪ ಕಡಿಮೆ ಕೊಡುತ್ತದೆ. ಮುಂದೇನಾಗುವುದೆಂದು ಊಹಿಸಲು ಇದು ಬಹಳ ಪ್ರಯೋಜನಕರ. ಆದರೆ ಆ ನಾಲ್ಕನ್ನು ಯಾರೂ ಕಂಡುಹಿಡಿಯಲಿಲ್ಲ. ಹಾಗೆಂದು ಒಡಂಬಟ್ಟೆವು, ಅಷ್ಟೆ. ಯಂತ್ರದಿಂದ ದಶಾಂಶಸಹಿತವಾಗಿ ಹೊರಬಂದ ಸಂಖ್ಯೆಯನ್ನು ನೋಡಿದಾಗ ಈ ಭೇದವು ಮರೆತುಹೋಗುತ್ತದೆ.

ಅದೃಷ್ಟದ ಪಾಲು

ಇನ್ನೂ ಒಂದು ಮಾತುಂಟು. ನಮ್ಮ ತಕ್ಕಡಿಯು ಗಾಳಿಯಲ್ಲಿ ತೂಗಾಡುತ್ತಿದೆ. ಸಂಪೂರ್ಣವಾಗಿ ಸಮಾನವಾದ ಎರಡು ತಂಡಗಳಿವೆಯೆಂದು ಭಾವಿಸಿ, ಒಂದೊಂದಕ್ಕೂ ೭೦ ಅವಕಾಶಗಳನ್ನು ಕೊಡೋಣ. ಪ್ರತಿ ಅವಕಾಶಕ್ಕೂ ನಾಣ್ಯವನ್ನು ಚಿಮ್ಮಬೇಕು. ರಾಜ ಬಿದ್ದರೆ ಎರಡು ಅಂಕ, ಇಲ್ಲವಾದರೆ ಸೊನ್ನೆ. ಪ್ರತಿ ಅವಕಾಶದ ಸರಾಸರಿ ಏರುಪೇರು ಒಂದು ಅಂಕ. ೧೪೦ ಅವಕಾಶಗಳ ಒಟ್ಟು ಏರುಪೇರು ೧೪೦ರ ವರ್ಗಮೂಲ, ಅಂದರೆ ಸುಮಾರು ೧೨. ಯಾರ ಆಟವೂ ಯಾರಿಗಿಂತ ಮೇಲಲ್ಲದಿದ್ದರೂ, ಮೂರು ಆಟಗಳಲ್ಲಿ ಸುಮಾರು ಒಂದರಲ್ಲಿ ಅಂತರವು ೧೨ ಅಥವಾ ಅದಕ್ಕಿಂತ ಹೆಚ್ಚಾಗುತ್ತದೆ! ಹೀಗಿರಲು ಒಂದು ದಿನದ +೧೧ನ್ನು ಕಂಡು ಖ ಮಹಾಶೂರನೆಂದೂ, −೫ನ್ನು ಕಂಡು ಕ ಕೈಲಾಗದವನೆಂದೂ ತೀರ್ಮಾನಿಸುವುದು ಸರಿಯೆ?

ಆಟಗಳು ಹೆಚ್ಚಿದಂತೆ ಅದೃಷ್ಟದ ಪಾಲು ಕುಗ್ಗುತ್ತದೆ, ಆದರೆ ಮೆಲ್ಲಗೆ. ೨೦ ಆಟಗಳ ಸರಾಸರಿಯಲ್ಲಿ ಏರುಪೇರು ಆಟಕ್ಕೆ ೨.೭ರಷ್ಟು ಉಳಿದಿರುತ್ತದೆ, ಅದನ್ನು ೧.೨ಕ್ಕೆ ಇಳಿಸಲು ೧೦೦ ಆಟಗಳು ಬೇಕು. ಕಾಲೇಜಿನ ತಂಡವೊಂದು ವರ್ಷಕ್ಕೆ ಅಷ್ಟು ಆಟಗಳನ್ನು ಆಡುವುದೆಲ್ಲಿ? ಇದರ ಜೊತೆಗೆ, ಮನುಷ್ಯರ ತೂಕವು ಕಲ್ಲಿನ ತೂಕದಂತೆ ಸ್ಥಿರವಲ್ಲ. ಚೆಂಡನ್ನು ದೂರದಿಂದ ಎಸೆಯಬಲ್ಲವನು ಒಳ್ಳೆಯ ಹಂಚಿಕೆಗಾರನ ಜೊತೆಯಲ್ಲಿ ಹೆಚ್ಚು ತೂಗುತ್ತಾನೆ. ಒಂದೇ ಬಗೆಯ ಇಬ್ಬರು ಕೂಡಿದರೆ ಇಬ್ಬರ ತೂಕವೂ ಇಳಿಯುವುದುಂಟು.

ವಿದ್ಯಾರ್ಥಿಗಳು ಮಾಡಬಹುದಾದುದು

ಇಷ್ಟು ಹೇಳಿದುದರಿಂದ ಈ ಲೆಕ್ಕವನ್ನೇ ಬಿಟ್ಟುಬಿಡಬೇಕೆಂದು ಯಾರೂ ತಿಳಿಯಬಾರದು. ಒಂದು ನೋಟುಪುಸ್ತಕ, ಒಂದು ಗಡಿಯಾರ ಇದ್ದರೆ ಔರಾದದ ಶಾಲೆಯಲ್ಲಿಯೂ ಇದನ್ನು ನಡೆಸಬಹುದು. ಆಟಗಾರರು ಬದಲಾದಾಗಲೆಲ್ಲ ಹೊಸ ಸಾಲಿನಲ್ಲಿ ಹೊತ್ತು, ಎರಡು ಪಕ್ಷಗಳ ಅಂಕ, ಒಳಗಿರುವ ಹತ್ತು ಮಂದಿಯ ಹೆಸರು, ಇವಿಷ್ಟನ್ನು ಬರೆಯಬೇಕು. ಕೊನೆಗೆ ಐದರ ಸೂತ್ರದಿಂದ ತಾಳೆ ನೋಡಬೇಕು. ಅಭ್ಯಾಸದ ಆಟಗಳಲ್ಲಿ ಪಕ್ಷಗಳನ್ನು ಆಗಾಗ ಕಲೆಸಿ ಆಡಿಸುವಂತೆ ಶಿಕ್ಷಕರನ್ನು ಕೇಳಿಕೊಳ್ಳಬೇಕು. ಬೆರಕೆ ಬದಲಾಗದೆ ತೂಕ ತಿಳಿಯದೆಂಬುದನ್ನು ಮಹಾವೀರಾಚಾರ್ಯನ ಹಣ್ಣುಗಳು ನಮಗೆ ಕಲಿಸಿವೆ.

ಆಯ್ಕೆಯ ದಿನ ಆ ಪುಸ್ತಕವನ್ನು ತೆರೆದಾಗ ಪ್ರತಿಯೊಂದು ಸಂಖ್ಯೆಗೂ ಮೂರು ಪ್ರಶ್ನೆಗಳನ್ನು ಹಾಕಬೇಕು. ಇವನು ಯಾರ ಜೊತೆಯಲ್ಲಿ, ಯಾರ ಎದುರಿಗೆ ಆಡಿದನು? ಎಷ್ಟು ಆಟಗಳ ಲೆಕ್ಕವಿದು? ಇವನನ್ನು ಜೊತೆಗಾರನಿಂದ ಬೇರ್ಪಡಿಸಿ ನೋಡುವ ಅವಕಾಶ ಎಂದಾದರೂ ದೊರೆಯಿತೆ? ಮೂರನೆಯದಕ್ಕೆ ‘ಇಲ್ಲ’ ಎಂಬುದೇ ಉತ್ತರವಾದರೆ, ಋಣದ ಚಿಹ್ನೆಯುಳ್ಳ ಆ ಹುಡುಗನನ್ನು ಬಿಡುವ ಮೊದಲು ಇನ್ನೊಂದು ಬೆರಕೆಯಲ್ಲಿ ಅವನನ್ನು ಆಡಿಸಿ ನೋಡುವುದು ನ್ಯಾಯ. ಅದಕ್ಕೆ ಬೇಕಾದುದು ಒಂದು ಸಂಜೆಯ ಆಟ ಮಾತ್ರ.